ದಾಂಡೇಲಿಗೆ ಹೋಗುವವರು ಊರನ್ನೂ ನೋಡಿ ಬನ್ನಿ

ನಾನು ಕಾರವಾರದವಳು. ಕೋಡಿಬಾಗದ ಹತ್ತಿರ ನಿಂತರೆ ಕಾಳಿ ನದಿ ಸಮುದ್ರ ಸೇರುವುದು ಕಾಣುತ್ತದೆ. ಅದೇ ಕಾಳಿ ಘಟ್ಟದ ಮೇಲೆ ಒಂದು ಕಾಗದ ಕಾರ್ಖಾನೆಯ ಪಕ್ಕದಲ್ಲಿ ಹರಿದು ಬರುತ್ತದೆ ಅಂತ ಗೊತ್ತಾಗಿದ್ದು ಚಿಕ್ಕವಳಿದ್ದಾಗ ದಸರಾ ರಜೆಗೆ ಮಾವನ ಮನೆಗೆ ಹೋದಾಗ. ಮಾವ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಇದ್ದರು. ಪಾಳಿ ಮುಗಿಸಿ ಮನೆಗೆ ಬಂದರೆ ಅವರ ಅಂಗಿಗೂ ಮಿಲ್ಲಿನದೇ ವಾಸನೆ.

ಈಗ ದಾಂಡೇಲಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ರ್‍ಯಾಫ್ಟಿಂಗ್ ಮಾಡಿದ್ವಿ, ರೆಸಾರ್ಟಲ್ಲಿ ಇದ್ವಿ ಅನ್ನುತ್ತಾರೆ. ಊರು ಹೇಗಿತ್ತು ಅಂದರೆ ನೋಡಿಲ್ಲ. ಬಸ್‌ಸ್ಟ್ಯಾಂಡ್ ದಾಟಿ ಸೀದಾ ಕಾಡಿನ ಕಡೆ ಹೋಗಿಬಿಟ್ಟಿರುತ್ತಾರೆ. ನನಗೆ ಇದು ನಿಜವಾಗಿ ಬೇಜಾರಿನ ವಿಷಯ. ನದಿ, ಕಾಡು, ಕಾರ್ಖಾನೆ ಮೂರೂ ಇಷ್ಟು ಒತ್ತಿಗೆ ಇರುವ ಊರು ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎರಡು ರಾತ್ರಿ, ಮೂರು ದಿನ ಇಟ್ಟುಕೊಳ್ಳಿ. ಅದರಲ್ಲಿ ಒಂದು ಸಂಜೆ, ಒಂದು ಬೆಳಗ್ಗೆ ಊರಿಗೆ ಕೊಡಿ.

ಮೊದಲು ತಿಂಗಳು ನೋಡಿಕೊಳ್ಳಿ

ನವೆಂಬರ್‌ನಿಂದ ಫೆಬ್ರವರಿ ಎಲ್ಲದಕ್ಕೂ ಸರಿ. ಬೆಳಗ್ಗೆ ಚಳಿ ಇರುತ್ತದೆ, ಸ್ವೆಟರ್ ಬೇಕು. ಮಂಗಟ್ಟೆ ಹಕ್ಕಿ, ಅಂದರೆ ಹಾರ್ನ್‌ಬಿಲ್ ನೋಡುವುದೇ ಮುಖ್ಯ ಅನ್ನುವವರು ಫೆಬ್ರವರಿ ಮಾರ್ಚ್‌ಗೆ ಹೋಗಿ. ಆಗ ಅವು ಗೂಡು ಮಾಡುವ ಕಾಲ. ಏಪ್ರಿಲ್ ಮೇನಲ್ಲಿ ಸೆಕೆ ಜಾಸ್ತಿ, ಆದರೆ ನೀರು ಹುಡುಕಿಕೊಂಡು ಪ್ರಾಣಿಗಳು ಹೊರಗೆ ಬರುತ್ತವೆ.

ಜೂನ್‌ನಿಂದ ಸೆಪ್ಟೆಂಬರ್ ಬೇಡ ಅಂತಲೇ ನನ್ನ ಮಾತು. ಹಸಿರು ಚೆನ್ನಾಗಿರುತ್ತದೆ, ನಿಜ. ಆದರೆ ಮಳೆ ಜೋರು, ರ್‍ಯಾಫ್ಟಿಂಗ್ ಇರುವುದಿಲ್ಲ, ಕಾಡಿನ ಎಷ್ಟೋ ಜಾಗಕ್ಕೆ ಬಿಡುವುದಿಲ್ಲ. ಅಣಶಿ ಘಟ್ಟದಲ್ಲಿ ಮಣ್ಣು ಕುಸಿಯುತ್ತದೆ. ಉಂಬಳ ಕಾಲಿಗೆ ಹತ್ತುತ್ತವೆ.

ಭಾರತ ಹುಣ್ಣಿಮೆ ಯಾವಾಗ ಅಂತಲೂ ಕ್ಯಾಲೆಂಡರ್ ನೋಡಿ. ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಬರುತ್ತದೆ. ಆಗ ಉಳವಿ ಚನ್ನಬಸವಣ್ಣನ ಜಾತ್ರೆ. ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಾರೆ. ಎತ್ತಿನ ಕೊರಳ ಗಂಟೆ ಕೇಳಿಸಿದರೆ ಗಾಡಿ ನಿಧಾನ ಮಾಡಿ, ಹಾರ್ನ್ ಹೊಡೆಯಬೇಡಿ. ಜಾತ್ರೆ ನೋಡುವ ಆಸೆ ಇದ್ದರೆ ಅದೇ ಸರಿಯಾದ ವೇಳೆ. ಇಲ್ಲವಾದರೆ ಆ ವಾರ ಬಿಟ್ಟು ಹೋಗಿ, ರೂಮ್ ಸಿಗುವುದೂ ಕಷ್ಟ.

ದಾರಿ

ಹುಬ್ಬಳ್ಳಿ ಧಾರವಾಡದಿಂದ ಬರುವವರಿಗೆ ತೊಂದರೆ ಇಲ್ಲ. ಧಾರವಾಡದಿಂದ 55 ಕಿ.ಮೀ., ಹುಬ್ಬಳ್ಳಿಯಿಂದ ಸುಮಾರು 75. ಹಳಿಯಾಳದ ಮೇಲೆ ವಾಯವ್ಯ ಸಾರಿಗೆ ಬಸ್ಸು ದಿನವಿಡೀ ಇವೆ. ಹೆಂಗಸರು ಆಧಾರ್ ಕಾರ್ಡ್ ಇಟ್ಟುಕೊಂಡರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡೂ ಉಳಿಯುತ್ತದೆ. ರೈಲಿನಲ್ಲಿ ಬಂದರೆ ಅಳ್ನಾವರದಲ್ಲಿ ಇಳಿಯಬಹುದು, ಅಲ್ಲಿಂದ 30 ಕಿ.ಮೀ. ಆಸುಪಾಸು. ದೂರದವರಿಗೆ ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣವಿದೆ.

ಹಳಿಯಾಳ ದಾರಿಯಲ್ಲಿ ನಿಮ್ಮ ಮುಂದೆ ಒಂದಲ್ಲ ಒಂದು ಲಾರಿ ಇದ್ದೇ ಇರುತ್ತದೆ. ತೊಗಟೆ ಸುಲಿದ ಕಟ್ಟಿಗೆ ಹೊರೆ. ಗಾಳಿ ಮರ, ನೀಲಗಿರಿ, ಸುಬಾಬುಲ್. ಎಲ್ಲ ಮಿಲ್ಲಿಗೇ ಹೋಗುವುದು. ಓವರ್‌ಟೇಕ್ ಮಾಡಲು ಅವಸರ ಬೇಡ. ಚಳಿಗಾಲದಲ್ಲಿ ಭತ್ತ, ಕಬ್ಬು ಬೆಳೆದು ನಿಂತಾಗ ಆನೆಗಳು ಕಾಡಿನಿಂದ ಹಳಿಯಾಳದ ಗದ್ದೆ ಕಡೆ ಬರುತ್ತವೆ. ಹಾಗಾಗಿ ಕತ್ತಲಾದ ಮೇಲೆ ಬೈಕಿನಲ್ಲಿ ಈ ದಾರಿ ಬೇಡ.

ಶಿರಸಿಯವರು ಯಲ್ಲಾಪುರಕ್ಕೆ ಬಂದು, ಭಗವತಿ, ಅಂಬಿಕಾನಗರ, ಕುಳಗಿ ಮೇಲೆ ಬನ್ನಿ. ಪೂರ್ತಿ ಕಾಡಿನ ದಾರಿ. ಯಲ್ಲಾಪುರದಲ್ಲೇ ತಿಂಡಿ ಚಾ ಮುಗಿಸಿ, ಮುಂದೆ ಅಂಗಡಿ ಕಡಿಮೆ.

ನಮ್ಮ ಕಾರವಾರದಿಂದ ಕದ್ರಾ, ಅಣಶಿ ಘಟ್ಟ, ಕುಂಬಾರವಾಡಾ, ಜೋಯಿಡಾ, ಗಣೇಶಗುಡಿ, ಆಮೇಲೆ ದಾಂಡೇಲಿ. ನೂರು ಕಿ.ಮೀ. ಚಿಲ್ಲರೆ, ಆದರೆ ಮೂರು ತಾಸು ಹಿಡಿಯುತ್ತದೆ ಅಂತ ಲೆಕ್ಕ ಹಾಕಿ. ದಾರಿಯಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಪೆಟ್ರೋಲ್ ತುಂಬಿಸಿಕೊಂಡೇ ಹೊರಡಿ. ನನ್ನ ಸಲಹೆ ಏನಂದರೆ, ಹೋಗುವಾಗ ಯಲ್ಲಾಪುರ ಇಲ್ಲವೇ ಹಳಿಯಾಳದ ದಾರಿ ಹಿಡಿಯಿರಿ, ಬರುವಾಗ ಅಣಶಿ ಘಟ್ಟ ಇಳಿಯಿರಿ. ನದಿಯ ಜೊತೆಗೇ ಇಳಿದು ಬಂದ ಹಾಗಾಗುತ್ತದೆ.

ಉಳಿಯುವ ಜಾಗ: ಕೇಳಲೇಬೇಕಾದ ಎರಡು ಪ್ರಶ್ನೆ

ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳಿ. ನಿಮ್ಮ ಜಾಗ ಯಾವ ಹಳ್ಳಿಯಲ್ಲಿದೆ? ದಾಂಡೇಲಿ ಬಸ್‌ಸ್ಟ್ಯಾಂಡಿನಿಂದ ಎಷ್ಟು ದೂರ?

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಾವೇ ಒಮ್ಮೆ ಸಿಕ್ಕಿಬಿದ್ದೆವು. ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆವು. ಹೊಳೆ ಪಕ್ಕದ ಕಾಟೇಜ್ ಅಂತ ಫೋಟೋ ನೋಡಿ ದುಡ್ಡು ಕಟ್ಟಿದ್ದು. ಹೋಗಿ ನೋಡಿದರೆ ಊರಿನಿಂದ ಬಹಳ ದೂರ, ಕೊನೆಯ ಮೂರು ಕಿಲೋಮೀಟರ್ ಕಚ್ಚಾ ರಸ್ತೆ. ಹೊಳೆ ಇರಲೇ ಇಲ್ಲ, ಒಂದು ಒಣಗಿದ ಹಳ್ಳ ಇತ್ತು. ಅತ್ತೆಗೆ ರಾತ್ರಿ ಹೊಟ್ಟೆನೋವು ಬಂದು ಔಷಧಿ ಅಂಗಡಿಗೆ ಹೋಗಲು ಒಂದು ತಾಸು ಬೇಕಾಯಿತು. ಜೋಯಿಡಾ ತಾಲೂಕಿನ ಒಳಗಿರುವ ಜಾಗಕ್ಕೂ ಹಳಿಯಾಳದ ಹತ್ತಿರದ ಜಾಗಕ್ಕೂ ದಾಂಡೇಲಿ ಅಂತಲೇ ಹೆಸರು ಹಾಕಿರುತ್ತಾರೆ. ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿದ್ದರೆ ಊರೊಳಗಿನ ಲಾಡ್ಜ್ ಎಷ್ಟೋ ಮೇಲು.

ಕಾಡಿನ ಹತ್ತಿರವೇ ಇರಬೇಕು ಅಂದರೆ ಅರಣ್ಯ ಇಲಾಖೆಯ ಕುಳಗಿ ನಿಸರ್ಗ ಶಿಬಿರ ಇದೆ, ಊರಿಂದ ಬಹಳ ದೂರವಿಲ್ಲ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಕಾಳಿ ಅಡ್ವೆಂಚರ್ ಕ್ಯಾಂಪ್ ಹೊಳೆ ದಂಡೆಯಲ್ಲೇ ಇದೆ. ಹಕ್ಕಿ ಫೋಟೋ ಹುಚ್ಚಿನವರಿಗೆ ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್. ಸೂಪಾ ಅಣೆಕಟ್ಟು ಕಟ್ಟುವಾಗ ಸ್ಫೋಟಕ ಇಡುತ್ತಿದ್ದ ಕಟ್ಟಡ ಅದು. ಅಂಥ ಉಗ್ರಾಣಕ್ಕೆ ಇಂಗ್ಲಿಷಿನಲ್ಲಿ ಮ್ಯಾಗಜೀನ್ ಅನ್ನುತ್ತಾರೆ, ಹೆಸರು ಬಂದಿದ್ದೂ ಅದರಿಂದಲೇ. ಈಗ ಅಲ್ಲಿ ಹಕ್ಕಿಗಳು ನೀರಿನ ತೊಟ್ಟಿಗೆ ಸ್ನಾನಕ್ಕೆ ಬರುತ್ತವೆ.

ಮೊದಲ ಸಂಜೆ: ಮಿಲ್ಲು ಮತ್ತು ಪೇಟೆ

ಮಧ್ಯಾಹ್ನ ತಲುಪಿ, ಸ್ವಲ್ಪ ಮಲಗಿ, ನಾಲ್ಕರ ಹೊತ್ತಿಗೆ ನಡೆಯಲು ಹೊರಡಿ.

ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಶುರುವಾಗಿದ್ದು 1955ರಲ್ಲಿ. ಇಲ್ಲೇ ಯಾಕೆ ಬಂತು ಅಂದರೆ ಸುತ್ತ ಬಿದಿರು, ಪಕ್ಕದಲ್ಲಿ ಕಾಳಿ ನೀರು. ಆಗ ಕಾಗದ ಮಾಡುತ್ತಿದ್ದದ್ದು ಬಿದಿರಿನಿಂದ. ಈಗ ರೈತರು ಬೆಳೆದ ಕಟ್ಟಿಗೆ ಲಾರಿಯಲ್ಲಿ ಬರುತ್ತದೆ. ದಾರಿಯಲ್ಲಿ ನೋಡಿದಿರಲ್ಲ, ಅದೇ. ಕಾರ್ಖಾನೆ ಒಳಗೆ ಹೊರಗಿನವರಿಗೆ ಪ್ರವೇಶ ಇಲ್ಲ, ಗೇಟಿನವರ ಜೊತೆ ವಾದ ಮಾಡಬೇಡಿ. ಹೊರಗಿನ ರಸ್ತೆಯಿಂದ ಚಿಮಣಿ, ಹೊಗೆ, ಕಟ್ಟಿಗೆ ರಾಶಿ ಕಾಣುತ್ತದೆ. ಬಂಗೂರನಗರದ ಕಡೆ ನಡೆದರೆ ಹಳೇ ಕಾಲೊನಿಯ ಅಂದಾಜು ಸಿಗುತ್ತದೆ. ಪಾಳಿ ಬಿಡುವ ಹೊತ್ತಿಗೆ ಅಲ್ಲಿದ್ದರೆ ರಸ್ತೆ ತುಂಬ ಜನ. ಕೈಯಲ್ಲಿ ಡಬ್ಬಿ, ಬೈಕು, ಸೈಕಲ್ಲು. ಒಂದು ಚಾ ಅಂಗಡಿಯಲ್ಲಿ ಸುಮ್ನೆ ಕೂತುಬಿಡಿ. ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು, ಮಲಯಾಳಂ ಎಲ್ಲ ಒಂದೇ ಬೆಂಚಿನ ಮೇಲೆ ಕೇಳಿಸುತ್ತದೆ. ಕೆಲಸ ಹುಡುಕಿಕೊಂಡು ಬಂದವರು ಕಟ್ಟಿದ ಊರು ಇದು. ಪ್ಲೈವುಡ್ ಕಾರ್ಖಾನೆ, ಫೆರೋ ಅಲಾಯ್ ಕಾರ್ಖಾನೆ ಕೂಡ ಹಿಂದೆ ಇದ್ದವು. ಅವು ನಿಂತಮೇಲೆ ಊರು ಅನುಭವಿಸಿದ ಕಷ್ಟದ ಬಗ್ಗೆ ಹಳೇ ಮಂದಿ ಕೇಳಿದರೆ ಹೇಳುತ್ತಾರೆ. ತಾಳ್ಮೆಯಿಂದ ಕೇಳಿ.

ವಾಸನೆ ವಿಷಯ ಹೇಳಿಬಿಡುತ್ತೇನೆ. ಗಾಳಿ ಬೀಸುವ ದಿಕ್ಕಿನ ಮೇಲೆ ಕೆಲವೊಮ್ಮೆ ಬೇಯಿಸಿದ ಕೋಸಿನಂಥ ವಾಸನೆ ಬರುತ್ತದೆ. ಕಟ್ಟಿಗೆ ಚೂರನ್ನು ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡ್ ಹಾಕಿ ಒತ್ತಡದಲ್ಲಿ ಬೇಯಿಸುತ್ತಾರೆ. ನಾರನ್ನು ಹಿಡಿದಿಟ್ಟಿರುವ ಅಂಟು, ಅಂದರೆ ಲಿಗ್ನಿನ್, ಕರಗಿ ಬೇರೆಯಾಗಬೇಕಲ್ಲ, ಅದಕ್ಕೆ. ಆಗ ಹೊರಡುವ ಗಂಧಕದ ಅನಿಲದ ವಾಸನೆ ಅದು. ಬಹಳ ಸ್ವಲ್ಪ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ನಾನು ಚಿಕ್ಕವಳಿದ್ದಾಗ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದೆ. ದಾಂಡೇಲಿಯ ಅತ್ತೆ, ಅಂದರೆ ಆ ಮಾವನ ಹೆಂಡತಿ, ಆಶ್ಚರ್ಯದಿಂದ ಕೇಳುತ್ತಿದ್ದರು, 'ಎಂಥಾ ವಾಸನೆ? ಎಲ್ಲಿ?' ಅಂತ. ಅವರಿಗೆ ನಿಜಕ್ಕೂ ಗೊತ್ತಾಗುತ್ತಿರಲಿಲ್ಲ. ಉಬ್ಬಸ ಇರುವವರು ರೂಮ್ ಹಿಡಿಯುವಾಗ ಮಿಲ್ಲಿನಿಂದ ಸ್ವಲ್ಪ ದೂರ ನೋಡಿಕೊಳ್ಳಿ.

ಊಟಕ್ಕೆ ಚಿಂತೆ ಬೇಡ. ಇಲ್ಲಿ ಘಟ್ಟದ ಕೆಳಗಿನ ಮೀನೂಟವೂ ಸಿಗುತ್ತದೆ, ಬಯಲುಸೀಮೆಯ ರೊಟ್ಟಿ ಪಲ್ಯವೂ ಸಿಗುತ್ತದೆ.

ಎರಡನೇ ಬೆಳಗ್ಗೆ: ಟಿಂಬರ್ ಡಿಪೋ

ಇದೊಂದನ್ನು ಮಾತ್ರ ತಪ್ಪಿಸಬೇಡಿ. ಊರಿನ ಪಕ್ಕದಲ್ಲೇ ಅರಣ್ಯ ಇಲಾಖೆಯ ಟಿಂಬರ್ ಡಿಪೋ ಇದೆ. ಕಡಿದು ತಂದ ಸಾಗವಾನಿ, ಮತ್ತಿ ದಿಮ್ಮಿಗಳನ್ನು ಸಾಲಾಗಿ ಪೇರಿಸಿ ಹರಾಜು ಮಾಡುವ ಜಾಗ. ಬೆಳಗ್ಗೆ ಆರೂವರೆಗೆ ಗೇಟಿನ ಹತ್ತಿರ ಇರಿ. ಗೇಟಿನವರ ಅಪ್ಪಣೆ ಕೇಳಿಯೇ ಒಳಗೆ ಹೋಗಿ.

ಮಂಜು ಇನ್ನೂ ದಿಮ್ಮಿಗಳ ಮೇಲೆ ಕೂತಿರುತ್ತದೆ. ದಿಮ್ಮಿಯ ತಲೆ ಮೇಲೆ ನಂಬರು ಬರೆದಿರುತ್ತಾರೆ, ಸುತ್ತಿಗೆಯ ಮುದ್ರೆ ಹೊಡೆದಿರುತ್ತಾರೆ. ಹತ್ತಿರ ಹೋದರೆ ಒದ್ದೆ ಸಾಗವಾನಿಯ ಎಣ್ಣೆ ವಾಸನೆ. ಬೆರಳಿನಿಂದ ವರ್ಷದ ಉಂಗುರ ಎಣಿಸಲು ನೋಡಿ. ನಾನು ಒಂದು ದಿಮ್ಮಿಯಲ್ಲಿ ಎಪ್ಪತ್ತರವರೆಗೆ ಎಣಿಸಿ ಲೆಕ್ಕ ತಪ್ಪಿದೆ. ಅಷ್ಟರಲ್ಲಿ ತಲೆ ಮೇಲೆ ಸದ್ದು ಬಂತು. ಬುಸ್, ಬುಸ್, ಬುಸ್ ಅಂತ, ಯಾರೋ ದೊಡ್ಡ ಬೀಸಣಿಗೆ ಬೀಸಿದ ಹಾಗೆ. ದೊಡ್ಡ ಮಂಗಟ್ಟೆ. ಹಳದಿ ಕೊಕ್ಕು, ಅದರ ಮೇಲೆ ಟೊಪ್ಪಿಗೆಯಂಥ ಇನ್ನೊಂದು ಕೊಂಬು. ಹಿಂದೆಯೇ ಅದರ ಜೋಡಿ. ಎರಡೂ ಆಲದ ಮರದಲ್ಲಿ ಇಳಿದವು. ಹಣ್ಣನ್ನು ಕೊಕ್ಕಿನ ತುದಿಯಲ್ಲಿ ಕಿತ್ತು, ಮೇಲಕ್ಕೆ ಎಸೆದು, ಬಾಯೊಳಗೆ ಬೀಳಿಸಿಕೊಂಡು ನುಂಗುತ್ತವೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ದಾಂಡೇಲಿ ಸುತ್ತ ನಾಲ್ಕು ಜಾತಿಯ ಮಂಗಟ್ಟೆ ಇವೆ. ದೊಡ್ಡ ಮಂಗಟ್ಟೆ, ಮಲಬಾರಿನ ಕಪ್ಪು ಬಿಳಿ ಮಂಗಟ್ಟೆ, ಮಲಬಾರಿನ ಬೂದು ಮಂಗಟ್ಟೆ, ಬಯಲಿನ ಬೂದು ಮಂಗಟ್ಟೆ. ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಬಾಗಿಲನ್ನು ಹಿಕ್ಕೆಯಿಂದ ಮುಚ್ಚಿಕೊಳ್ಳುತ್ತದೆ, ಒಂದು ಸಣ್ಣ ಸೀಳು ಮಾತ್ರ ಬಿಟ್ಟು. ಮೊಟ್ಟೆ ಇಟ್ಟು ಮರಿ ಮಾಡುವಾಗ ತಿಂಗಳುಗಟ್ಟಲೆ ಅದಕ್ಕೆ ತಿನ್ನಲು ತಂದುಕೊಡುವುದು ಗಂಡು. ಗಂಡಿಗೆ ಏನಾದರೂ ಆದರೆ ಒಳಗಿರುವವಕ್ಕೂ ಗತಿಯಿಲ್ಲ. ಅದಕ್ಕೇ ಗೂಡಿನ ಮರದ ಹತ್ತಿರ ಗುಂಪು ಕಟ್ಟಬೇಡಿ, ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಯಬೇಡಿ. 2011ರಲ್ಲಿ ಇಲ್ಲಿನ ಕಾಡಿನ ಒಂದು ಭಾಗವನ್ನು ಹಾರ್ನ್‌ಬಿಲ್ ಸಂರಕ್ಷಣಾ ಪ್ರದೇಶ ಅಂತ ಸರ್ಕಾರ ಘೋಷಿಸಿದೆ. ಮರ ಕಡಿದು ಮಾರುವ ಡಿಪೋದಲ್ಲೇ ಹಕ್ಕಿ ಉಳಿದಿರುವುದು ಆ ದೊಡ್ಡ ಹಣ್ಣಿನ ಮರಗಳನ್ನು ಮುಟ್ಟದೆ ಬಿಟ್ಟಿದ್ದರಿಂದ ಅಂತ ನನಗೆ ಅನ್ನಿಸುತ್ತದೆ.

ನದಿ ಹತ್ತಿರ ಹೋಗುವಾಗ

ಡಿಪೋ ಮುಗಿಸಿ ತಿಂಡಿ ತಿಂದು ದಾಂಡೇಲಪ್ಪನ ಗುಡಿ ಕಡೆ ಹೋಗಿ ಬನ್ನಿ. ಊರಿಗೆ ಹೆಸರು ಬಂದಿದ್ದು ಈ ದೇವರಿಂದ ಅನ್ನುತ್ತಾರೆ. ಮಿರಾಶಿ ಮನೆತನದ ಸೇವಕನಾಗಿದ್ದ ದಾಂಡೇಲಪ್ಪ ನಿಷ್ಠೆಗಾಗಿ ಪ್ರಾಣ ಕೊಟ್ಟ ಅನ್ನುವುದು ಇಲ್ಲಿಯ ಕಥೆ. ವಿಜಯದಶಮಿ ದಿನ ಜಾತ್ರೆ.

ಈಗ ಗಮನ ಕೊಟ್ಟು ಕೇಳಿ. ದಾಂಡೇಲಿಯ ಹತ್ತಿರ ಕಾಳಿಯಲ್ಲಿ ಮೊಸಳೆಗಳಿವೆ. ಬಂಡೆ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿದ್ದನ್ನು ದೂರದಿಂದ ನೋಡಲು ಚೆನ್ನ. ಆದರೆ ನೀರಿಗೆ ಕಾಲು ಇಡಬೇಡಿ, ದಂಡೆಯಲ್ಲಿ ಕೂತು ಕೈ ತೊಳೆಯುವುದೂ ಬೇಡ. 2021ರಲ್ಲಿ ಮೀನು ಹಿಡಿಯುತ್ತಿದ್ದ ಒಬ್ಬ ಹುಡುಗನನ್ನು ಮೊಸಳೆ ಎಳೆದುಕೊಂಡು ಹೋಯಿತು. ಅವನು ಈ ಊರಿನವನೇ, ನದಿ ನೋಡಿಯೇ ಬೆಳೆದವನು. ಮೀನು, ಕೋಳಿಯ ತ್ಯಾಜ್ಯ ನದಿಗೆ ಎಸೆಯುವ ಕಡೆ ಮೊಸಳೆ ಜಾಸ್ತಿ ಸೇರುತ್ತವೆ. ನಿಮ್ಮ ಊಟದ ಎಲೆ, ಉಳಿದದ್ದು ಏನನ್ನೂ ಅಲ್ಲಿ ಹಾಕಬೇಡಿ.

ಮೇಲೆ ಸೂಪಾ ಅಣೆಕಟ್ಟಿದೆ ಅನ್ನುವುದೂ ನೆನಪಿರಲಿ. ವಿದ್ಯುತ್ ಮಾಡಲು ನೀರು ಬಿಟ್ಟಾಗ ಮಳೆ ಇಲ್ಲದ ದಿನವೂ ನದಿ ಏರುತ್ತದೆ. ಒಣಗಿದ ಬಂಡೆ ನಂಬಿ ನಡುನೀರಿಗೆ ಹೋಗುವುದು ಬೇಡವೇ ಬೇಡ.

ಕಾಡಿಗೆ ಅರ್ಧ ದಿನ

ಸಫಾರಿಗೆ ಹೋಗುವವರು ಹಿಂದಿನ ದಿನವೇ ಕುಳಗಿಯಲ್ಲಿ ವಿಚಾರಿಸಿ. ವಾರದ ಕೊನೆಗೆ ಜನ ಜಾಸ್ತಿ. 1956ರಲ್ಲಿ ದಾಂಡೇಲಿ ವನ್ಯಜೀವಿ ಧಾಮವಾಗಿ ಶುರುವಾದ ಈ ಕಾಡು, ಅಣಶಿ ರಾಷ್ಟ್ರೀಯ ಉದ್ಯಾನದ ಜೊತೆ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಕಾಳಿ ಅನ್ನುವ ಹೆಸರು ಬಂತು. ಕಪ್ಪು ಚಿರತೆಗೆ ಹೆಸರಾದ ಕಾಡು. ಆದರೆ ಹುಲಿ, ಕಪ್ಪು ಚಿರತೆ ಕಂಡೇ ಕಾಣುತ್ತದೆ ಅಂದುಕೊಂಡು ಹೋಗಬೇಡಿ. ಇಲ್ಲಿ ಮರ ದಟ್ಟ, ಪ್ರಾಣಿ ಕಾಣುವುದು ಅಪರೂಪ. ಕಾಡುಕೋಣ, ಕೆಂಜಳಿಲು, ಜಿಂಕೆ ಕಂಡರೆ ಖುಷಿಪಡಿ.

ಸಫಾರಿ ಬೇಡವೆಂದರೆ ಆ ಅರ್ಧ ದಿನಕ್ಕೆ ಸಿಂಥೇರಿ ರಾಕ್ಸ್. ಪೊಟೋಲಿ, ಗುಂದ ದಾರಿಯಲ್ಲಿ ಸುಮಾರು 30 ಕಿ.ಮೀ. ಗಾಡಿ ನಿಲ್ಲಿಸಿ ಮೆಟ್ಟಿಲು ಇಳಿದರೆ ಎದುರಿಗೆ ಒಂದೇ ಕಲ್ಲಿನ ಗೋಡೆ, 300 ಅಡಿ ಎತ್ತರ. ಬುಡದಲ್ಲಿ ಕಾನೇರಿ ಹೊಳೆ. ಕಲ್ಲಿನ ಸಂದಿಗಳಲ್ಲಿ ಹೆಜ್ಜೇನಿನ ಗೂಡುಗಳು ಜೋತಾಡುತ್ತಿರುತ್ತವೆ, ಪಾರಿವಾಳಗಳು ಒಳಗೆ ಹೊರಗೆ ಹಾರುತ್ತಿರುತ್ತವೆ. ಸೆಂಟ್ ಹಾಕಿಕೊಂಡು ಹೋಗಬೇಡಿ, ಕೂಗಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ. ಹೆಜ್ಜೇನು ಎದ್ದರೆ ಆ ಮೆಟ್ಟಿಲು ಹತ್ತಿ ಓಡುವುದು ಯಾರಿಂದಲೂ ಆಗುವುದಿಲ್ಲ. ಹೊಳೆಗೆ ಈಜಲು ಇಳಿಯಬಾರದು, ಸೆಳವು ಮೇಲಿಂದ ಕಾಣುವುದಿಲ್ಲ. ಮಂಡಿನೋವಿನವರು ಮೇಲೆಯೇ ಕೂತಿರಲಿ.

ಅಲ್ಲಿಂದ ಮುಂದೆ ಹೋದರೆ ಉಳವಿ. 12ನೇ ಶತಮಾನದ ಶರಣ ಚನ್ನಬಸವಣ್ಣನವರ ಸಮಾಧಿ ಇರುವ ಜಾಗ. ಕಲ್ಯಾಣದ ಗಲಭೆ ನಂತರ ಶರಣರು ಇಷ್ಟು ದೂರ, ಇಂಥ ಕಾಡಿಗೆ ಹೇಗೆ ನಡೆದು ಬಂದರು ಅಂತ ಆ ದಾರಿಯಲ್ಲಿ ಹೋದಾಗಲೆಲ್ಲ ಯೋಚಿಸುತ್ತೇನೆ. ಕಾಡಿನೊಳಗಿನ ಕವಳಾ ಗುಹೆಗೆ ಹೋಗುವ ಆಸೆ ಇದ್ದರೆ ಬಿಡುತ್ತಾರೋ ಇಲ್ಲವೋ ಅಂತ ಅರಣ್ಯ ಇಲಾಖೆಯಲ್ಲಿ ಕೇಳಿಯೇ ಹೊರಡಿ.

ಮೂರನೇ ದಿನ: ಗಣೇಶಗುಡಿ ಮೇಲೆ ಮನೆಗೆ

ಬೆಳಗ್ಗೆ ಬೇಗ ರೂಮ್ ಬಿಟ್ಟು ಗಣೇಶಗುಡಿಗೆ ಬನ್ನಿ, 20-25 ಕಿ.ಮೀ. ರ್‍ಯಾಫ್ಟಿಂಗ್ ಇರುವುದು ಇಲ್ಲಿ. ಅಣೆಕಟ್ಟಿನಿಂದ ಎಷ್ಟು ನೀರು ಬಿಡುತ್ತಾರೆ ಅನ್ನುವುದರ ಮೇಲೆ ಆ ದಿನದ ರ್‍ಯಾಫ್ಟಿಂಗ್ ನಿಂತಿರುತ್ತದೆ, ಹಾಗಾಗಿ ಹಿಂದಿನ ರಾತ್ರಿ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಲೈಫ್ ಜಾಕೆಟ್‌ನ ಎಲ್ಲ ಬಕಲ್ ನೀವೇ ಎಳೆದು ನೋಡಿ. ಹೆಲ್ಮೆಟ್ ಇಲ್ಲದಿದ್ದರೆ, ದೋಣಿಯಲ್ಲಿ ಲೆಕ್ಕಕ್ಕಿಂತ ಜಾಸ್ತಿ ಜನ ತುಂಬಿದ್ದರೆ, ಕೊಟ್ಟ ದುಡ್ಡು ಹೋದರೂ ಪರವಾಗಿಲ್ಲ, ಇಳಿದುಬಿಡಿ.

ಸೂಪಾ ಅಣೆಕಟ್ಟು 101 ಮೀಟರ್ ಎತ್ತರ. ಕಾಳಿಗೆ ಪಾಂಡರಿ ಹೊಳೆ ಸೇರುವ ಕಡೆ ಕಟ್ಟಿದ್ದು. ಮೇಲೆ ಹೋಗಲು ಅನುಮತಿ ಬೇಕು, ದೂರದಿಂದ ನೋಡಿದರೂ ಅದರ ಅಳತೆ ಗೊತ್ತಾಗುತ್ತದೆ. ಆ ನೀರಿನ ಅಡಿಯಲ್ಲಿ ಹಳೇ ಸೂಪಾ ಪೇಟೆ ಇದೆ. ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು, ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳು ರಾಮನಗರಕ್ಕೆ ಹೋದವು. ನಾವು ಕರಾವಳಿಯಲ್ಲಿ ಸ್ವಿಚ್ ಹಾಕುವಾಗ ಆ ಊರಿನ ನೆನಪು ಇರಲಿ ಅಂತ ನನ್ನ ಮಕ್ಕಳಿಗೆ ಹೇಳಿದ್ದೇನೆ.

ಜೋಯಿಡಾದಲ್ಲಿ ಊಟ ಮುಗಿಸಿಕೊಳ್ಳಿ. ಜನವರಿ ಆಸುಪಾಸಿನಲ್ಲಿ ಹೋದರೆ ಕುಣಬಿ ಜನ ಬೆಳೆದ ಗೆಡ್ಡೆ ಗೆಣಸು ಸಿಗುತ್ತದೆಯಾ ಅಂತ ಪೇಟೆಯಲ್ಲಿ ಕೇಳಿ. ಕೆಸವಿನ ಗೆಡ್ಡೆ, ಸುವರ್ಣಗೆಡ್ಡೆ, ಹೆಸರೇ ಗೊತ್ತಿಲ್ಲದ ಇನ್ನೂ ಏನೇನೋ. ಕೊಡುವವರ ಹತ್ತಿರವೇ ಬೇಯಿಸುವ ಕ್ರಮ ಕೇಳಿಕೊಂಡು ಬನ್ನಿ, ಕೆಲವಕ್ಕೆ ಹುಣಸೆಹುಳಿ ಹಾಕದಿದ್ದರೆ ಬಾಯಿ ತುರಿಸುತ್ತದೆ.

ಮಧ್ಯಾಹ್ನ ಮೂರಕ್ಕೆ ಜೋಯಿಡಾ ಬಿಟ್ಟರೆ ಬೆಳಕಿರುವಾಗಲೇ ಅಣಶಿ ಘಟ್ಟ ಇಳಿಯಬಹುದು. ತಿರುವು ಬಹಳ, ವಾಂತಿ ಆಗುವವರು ಮುಂದಿನ ಸೀಟಿಗೆ ಬನ್ನಿ. ಕದ್ರಾ ಹತ್ತಿರ ಎಡಬಲದಲ್ಲಿ ಮತ್ತೆ ಕಾಳಿ ಸಿಗುತ್ತದೆ, ಈಗ ಅಗಲವಾಗಿ, ಸದ್ದಿಲ್ಲದೆ. ಮೊನ್ನೆ ನಾವು ಕೋಡಿಬಾಗಕ್ಕೆ ಬಂದಾಗ ಸೂರ್ಯ ಸಮುದ್ರಕ್ಕೆ ಇಳಿಯುತ್ತಿದ್ದ. ಮಗಳು ಕಿಟಕಿ ಇಳಿಸಿ ಕೇಳಿದಳು, 'ಅಮ್ಮಾ, ಡಿಪೋದ ಹತ್ತಿರ ನೋಡಿದ ನೀರು ಇಲ್ಲಿಗೆ ಬರಲು ಎಷ್ಟು ದಿನ ಬೇಕು?' ನಡುವೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಮೂರು ಅಣೆಕಟ್ಟು ದಾಟಬೇಕು ಅಂತ ಬೆರಳು ಮಡಿಸಿ ಎಣಿಸಿ ತೋರಿಸಿದೆ.